ಅಮೆರಿಕ: ಒಂದೇ ಹೆಸರಿಗೆ 35 ವಾರಸುದಾರರು

(ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿ ಉಳಿಸಿಕೊಂಡು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಭೂಮಿಯ ಮೇಲೆ ಖಂಡಗಳು ಎಷ್ಟು? ಏಳು, ಅಲ್ವಾ? ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಹಾಗೇ. ಅದರಲ್ಲಿ ಉತ್ತರ ಅಮೆರಿಕ ಒಂದು, ದಕ್ಷಿಣ ಅಮೆರಿಕ ಇನ್ನೊಂದು. ಈ ಲೆಕ್ಕ ನಮಗೆ ಬಂದಿದ್ದು ಇಂಗ್ಲಿಷಿನಿಂದ. ಮೆಕ್ಸಿಕೊದಲ್ಲೋ ಅರ್ಜೆಂಟೀನಾದಲ್ಲೋ ಶಾಲೆಯ ಮಕ್ಕಳನ್ನು ಕೇಳಿ ನೋಡಿ. ಅವರ ಲೆಕ್ಕ ಬೇರೆ. ಅವರಿಗೆ ಅಮೆರಿಕ ಒಂದೇ ಖಂಡ. ಮೇಲೆ ಅಲಾಸ್ಕಾದಿಂದ ಕೆಳಗೆ ಕೇಪ್ ಹಾರ್ನ್ ತನಕ ಎಲ್ಲವೂ ಅಮೆರಿಕ. ಒಲಿಂಪಿಕ್ಸ್ ಬಾವುಟವನ್ನು ನೆನಪು ಮಾಡಿಕೊಳ್ಳಿ. ಈ ಕಾಲದ ಒಲಿಂಪಿಕ್ಸ್ ಶುರು ಮಾಡಿದ ಕೂಬರ್ತಾನ್ 1913ರಲ್ಲಿ ರೂಪಿಸಿದ ಆ ಐದು ಉಂಗುರಗಳು ಐದು ಖಂಡಗಳಿಗೆ. ಅದರಲ್ಲೂ ಅಮೆರಿಕಕ್ಕೆ ಸಿಕ್ಕಿರುವುದು ಒಂದೇ ಉಂಗುರ.

ಈಗ ಮುಂದಿನ ಪ್ರಶ್ನೆ. ಹಾಗಾದರೆ ಅಮೆರಿಕನ್ ಅಂದರೆ ಯಾರು?

ನಾನು ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಸುತ್ತೇನೆ. ಕಲಿಯಲು ಬರುವವರಲ್ಲಿ ಸಾಫ್ಟ್‌ವೇರಿನವರೇ ಜಾಸ್ತಿ. 'ನನ್ನ ಮ್ಯಾನೇಜರ್ ಅಮೆರಿಕಾನೊ' ಅಂತ ಒಂದು ವಾಕ್ಯ ಪ್ರತಿ ತಂಡದಲ್ಲೂ ಬರುತ್ತದೆ. ಮ್ಯಾನೇಜರ್ ಇರುವುದು ಟೆಕ್ಸಸ್‌ನಲ್ಲಿ. ವ್ಯಾಕರಣ ಸರಿಯಾಗೇ ಇದೆ. ಆದರೆ ಇದೇ ಮಾತನ್ನು ಕೊಲಂಬಿಯಾದ ಬೊಗೋಟಾದಲ್ಲಿ ಆಡಿದರೆ 'ನಾನೂ ಅಮೆರಿಕಾನೊ ತಾನೇ?' ಅಂತ ಯಾರಾದರೂ ಕೇಳಬಹುದು. ಅಲ್ಲಿ ಸಲ್ಲುವ ಮಾತು 'ಎಸ್ತಾದೌನಿದೆನ್ಸೆ'. ಸಂಯುಕ್ತ ಸಂಸ್ಥಾನದವರು ಅಂತ.

ಅಮೆರಿಕ ಎಂದು ಕರೆಸಿಕೊಳ್ಳುವ ಆ ಇಡೀ ನೆಲದಲ್ಲಿ 35 ಸ್ವತಂತ್ರ ದೇಶಗಳಿವೆ. ಹತ್ತಿರ ಹತ್ತಿರ 100 ಕೋಟಿ ಜನ. ಅವರಲ್ಲಿ ಸುಮಾರು 34 ಕೋಟಿ ಜನ ಒಂದೇ ದೇಶದವರು. ಇಡೀ ಲೋಕ ಅಮೆರಿಕನ್ ಎಂದು ಕರೆಯುವುದು ಆ 34 ಕೋಟಿಯನ್ನು. ಉಳಿದವರಲ್ಲಿ ಬಹಳ ಜನಕ್ಕೆ ಇದು ಒಪ್ಪಿಗೆಯಿಲ್ಲ. 'ಅಪ್ಪನ ಮನೆಯ ಹೆಸರನ್ನು ಒಬ್ಬ ಮಗ ಮಾತ್ರ ಹೊತ್ತುಕೊಂಡು ಹೋದ' ಅನ್ನುವ ಧಾಟಿಯ ಸಿಟ್ಟು ಅವರದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡೋಣ. ಆ ದೇಶ ಹೆಸರನ್ನು ಕದ್ದಿದ್ದು ಅಂತ ನನಗೆ ಅನ್ನಿಸುವುದಿಲ್ಲ. ಅದಕ್ಕೆ ಬೇರೆ ಹೆಸರೇ ಸಿಗಲಿಲ್ಲ. ಹೆಸರು ಹಂಚಿಕೊಂಡೇ ಎಷ್ಟೋ ವರ್ಷ ಎರಡೂ ಕಡೆಯವರು ಸುಮ್ನೆ ಇದ್ದರು. ತಕರಾರು ಶುರುವಾಗಿದ್ದು ಸೈನ್ಯ ಗಡಿ ದಾಟಿದ ಮೇಲೆ. ಇದನ್ನು ಬಿಡಿಸಿ ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1507. ಈಗಿನ ಫ್ರಾನ್ಸಿನ ಪೂರ್ವದಲ್ಲಿರುವ ಸೇಂಟ್ ಡಿಯೆ ಎಂಬ ಸಣ್ಣ ಊರು. ಅಲ್ಲಿ ಮಾರ್ಟಿನ್ ವಾಲ್ಟ್‌ಸೇಮುಲ್ಲರ್ ಎಂಬ ಜರ್ಮನ್ ನಕ್ಷೆಗಾರ, ಮಥಿಯಾಸ್ ರಿಂಗ್‌ಮನ್ ಎಂಬ ಪಂಡಿತ ಗೆಳೆಯನ ಜೊತೆ ಸೇರಿ ಪ್ರಪಂಚದ ದೊಡ್ಡ ನಕ್ಷೆಯೊಂದನ್ನು ಅಚ್ಚು ಹಾಕಿಸುತ್ತಾನೆ. 12 ಹಾಳೆಗಳನ್ನು ಜೋಡಿಸಿದ ನಕ್ಷೆ. ಫ್ಲಾರೆನ್ಸಿನ ಅಮೆರಿಗೊ ವೆಸ್‌ಪುಚಿ ತನ್ನ ಪ್ರಯಾಣಗಳ ಬಗ್ಗೆ ಬರೆದ ಪತ್ರಗಳು ಆಗ ಯುರೋಪಿನಲ್ಲಿ ಬಿಸಿಬಿಸಿಯಾಗಿ ಓಡಾಡುತ್ತಿದ್ದವು. ಕೊಲಂಬಸ್ ಮುಟ್ಟಿದ್ದು ಏಷ್ಯಾ ಅಲ್ಲ, ಯುರೋಪಿನವರಿಗೆ ಗೊತ್ತೇ ಇಲ್ಲದ ಹೊಸ ನೆಲ ಎಂದು ಗಟ್ಟಿಯಾಗಿ ಹೇಳಿದ ಪತ್ರಗಳವು. ಸರಿ, ಹೊಸ ನೆಲಕ್ಕೆ ಅವನ ಹೆಸರೇ ಇರಲಿ ಎಂದು ಇವರು ತೀರ್ಮಾನ ಮಾಡಿದರು. ಯುರೋಪ, ಏಷ್ಯಾ ಎಲ್ಲ ಹೆಣ್ಣು ಹೆಸರುಗಳು. ಹಾಗಾಗಿ ಅಮೆರಿಗೊ ಹೋಗಿ ಅಮೆರಿಕ ಆಯಿತು.

ಆ ಹೆಸರನ್ನು ನಕ್ಷೆಯಲ್ಲಿ ಎಲ್ಲಿ ಬರೆದರು ಅನ್ನುವುದನ್ನು ನೋಡಿ. ಕೆಳಗೆ, ಈಗಿನ ಬ್ರೆಜಿಲ್ ಇರುವ ಕಡೆ. ಉತ್ತರದ ತುಂಡಿನ ಮೇಲೆ ಆ ಹೆಸರಿಲ್ಲ. ಮೊದಲ ದಾಖಲೆ ಹಿಡಿದುಕೊಂಡು ವಾದಕ್ಕೆ ನಿಂತರೆ ಅಮೆರಿಕ ಅನ್ನುವ ಹೆಸರಿಗೆ ಮೊದಲ ಹಕ್ಕುದಾರರು ದಕ್ಷಿಣದವರೇ. ಇನ್ನೊಂದು ತಮಾಷೆ ಅಂದರೆ ಹೆಸರಿಟ್ಟವನಿಗೇ ಆಮೇಲೆ ಅನುಮಾನ ಬಂತು. 1516ರಲ್ಲಿ ತಂದ ಇನ್ನೊಂದು ದೊಡ್ಡ ನಕ್ಷೆಯಲ್ಲಿ ವಾಲ್ಟ್‌ಸೇಮುಲ್ಲರ್ ಆ ಹೆಸರನ್ನೇ ಕೈಬಿಟ್ಟ. ಅಷ್ಟು ಹೊತ್ತಿಗೆ ಬೇರೆಯವರು ಅದನ್ನು ಹಿಡಿದುಕೊಂಡಾಗಿತ್ತು. 1538ರಲ್ಲಿ ಮರ್ಕೇಟರ್ ತನ್ನ ನಕ್ಷೆಯಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಅದೇ ಹೆಸರು ಹಾಕಿದ. 1507ರ ನಕ್ಷೆಯ ಒಂದೇ ಒಂದು ಪ್ರತಿ ಉಳಿದಿದೆ. 1901ರಲ್ಲಿ ಜರ್ಮನಿಯ ಒಂದು ಕೋಟೆಮನೆಯಲ್ಲಿ ಸಿಕ್ಕಿತು. ಅದು ಈಗ ಎಲ್ಲಿದೆ? ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. 2003ರಲ್ಲಿ ಒಂದು ಕೋಟಿ ಡಾಲರ್ ಕೊಟ್ಟು ಕೊಂಡರು. ಬ್ರೆಜಿಲ್ ಮೇಲೆ ಅಮೆರಿಕ ಎಂದು ಬರೆದ ಕಾಗದವನ್ನು ಅಷ್ಟು ದುಡ್ಡು ಕೊಟ್ಟು ಕೊಂಡು, ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಸ್ಪೇನ್ ಮಾತ್ರ ಈ ಹೆಸರನ್ನು ಬಹಳ ಕಾಲ ಸರ್ಕಾರಿ ಕಡತಕ್ಕೆ ಸೇರಿಸಿಕೊಳ್ಳಲಿಲ್ಲ. ಅವರಿಗೆ ಅದು 'ಇಂಡೀಸ್'. ಆ ಕಥೆಗೆ ಆಮೇಲೆ ಬರುತ್ತೇನೆ, ಅಲ್ಲಿ ನಾವೂ ಇದ್ದೇವೆ.

ಈಗ 1776ಕ್ಕೆ ಬನ್ನಿ. 13 ವಸಾಹತುಗಳು ಬ್ರಿಟನ್ನಿನಿಂದ ಬಿಡಿಸಿಕೊಂಡವು. ತಮ್ಮನ್ನು 'ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ' ಎಂದು ಕರೆದುಕೊಂಡವು. ಇದು ಹೆಸರಿಗಿಂತ ಹೆಚ್ಚಾಗಿ ವಿಳಾಸ. ಒಟ್ಟಾದ ರಾಜ್ಯಗಳು, ಇರುವುದು ಅಮೆರಿಕ ಖಂಡದಲ್ಲಿ, ಅಷ್ಟೇ. ಮೊದಮೊದಲು ಅವರಿಗೂ ತಾವು ವರ್ಜೀನಿಯಾದವರು, ಮ್ಯಾಸಚೂಸೆಟ್ಸ್‌ನವರು ಅನ್ನುವುದೇ ದೊಡ್ಡದು. ಅದಕ್ಕೇ 1796ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧಿಕಾರದಿಂದ ಬೀಳ್ಕೊಳ್ಳುವಾಗ, ಊರು ಸೀಮೆಯ ಹೆಸರಿಗಿಂತ ಅಮೆರಿಕನ್ ಅನ್ನುವ ಹೆಸರಿಗೆ ಹೆಚ್ಚು ಅಭಿಮಾನ ಪಡಿ ಎಂದು ಬುದ್ಧಿ ಹೇಳಿದ.

ವಿಳಾಸವನ್ನೇ ಹೆಸರು ಮಾಡಿಕೊಂಡರೆ ಏನಾಗುತ್ತದೆ ಎಂದು ಅವರಿಗೂ ಬೇಗ ಗೊತ್ತಾಯಿತು. ಬೇರೆ ಹೆಸರು ಹುಡುಕುವ ಪ್ರಯತ್ನಗಳು ನಡೆದವು. 'ಕೊಲಂಬಿಯಾ' ಅನ್ನುವುದು ಮುಂಚೂಣಿಯಲ್ಲಿತ್ತು. ರಾಜಧಾನಿಯ ಪ್ರದೇಶಕ್ಕೆ ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ ಎಂದು ಹೆಸರಿಟ್ಟರು. ನ್ಯೂಯಾರ್ಕಿನ ಕಿಂಗ್ಸ್ ಕಾಲೇಜು 1784ರಲ್ಲಿ ಕೊಲಂಬಿಯಾ ಕಾಲೇಜು ಆಯಿತು. ಆದರೆ ದೇಶಕ್ಕೆ ಆ ಹೆಸರು ಇಡುವಷ್ಟು ಉತ್ಸಾಹ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ 1819ರಲ್ಲಿ, ಸ್ಪೇನ್ ವಿರುದ್ಧ ಸ್ವಾತಂತ್ರ್ಯ ಹೋರಾಟ ನಡೆಸಿದ ನಾಯಕ ಬೊಲಿವಾರ್, ದಕ್ಷಿಣದಲ್ಲಿ ಕೊಲಂಬಿಯಾ ಗಣರಾಜ್ಯ ಕಟ್ಟಿಬಿಟ್ಟ. ಆ ಹೆಸರೂ ಕೈತಪ್ಪಿತು. ನ್ಯೂಯಾರ್ಕಿನ ವೈದ್ಯ ಸ್ಯಾಮ್ಯುಯೆಲ್ ಮಿಚಿಲ್ 'ಫ್ರೆಡೋನಿಯಾ' ಎಂದು ಒಂದು ಹೆಸರು ಹೊಸೆದ. ಈಗ ಆ ಹೆಸರಿನ ಒಂದು ಊರು ನ್ಯೂಯಾರ್ಕ್ ರಾಜ್ಯದಲ್ಲಿ ಇದೆ. 1839ರಲ್ಲಿ ಲೇಖಕ ವಾಷಿಂಗ್ಟನ್ ಇರ್ವಿಂಗ್ ಬೆಟ್ಟಸಾಲುಗಳ ಹೆಸರಿನಿಂದ 'ಅಲೆಘಾನಿಯಾ' ಅಥವಾ 'ಅಪಲಾಚಿಯಾ' ಇಡೋಣ ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 'ಯುಸೋನಿಯಾ' ಎಂದು ಬಳಸಿದ. ಆ ಹೆಸರು ಉಳಿದಿದ್ದು ಅವನು ಕಟ್ಟಿದ ಒಂದು ಬಗೆಯ ಮನೆಗಳಿಗೆ. ಎಲ್ಲ ದೇಶದವರಿಗೂ ಆಗಲಿ ಎಂದು ಹೊಸದಾಗಿ ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಮಾತ್ರ ಆ ದೇಶಕ್ಕೆ ಇವತ್ತಿಗೂ 'ಉಸೋನೊ' ಎನ್ನುತ್ತಾರೆ.

ಯೋಚಿಸಿ. ಬ್ರೆಜಿಲ್‌ನವರಿಗೆ ಬ್ರೆಜಿಲ್ ಇದೆ, ಪೆರುವಿನವರಿಗೆ ಪೆರು ಇದೆ, ಕ್ಯೂಬಾದವರಿಗೆ ಕ್ಯೂಬಾ ಇದೆ. ಇವರಿಗೆ ಮಾತ್ರ ಖಂಡದ ಹೆಸರು ಬಿಟ್ಟರೆ ಕರೆಸಿಕೊಳ್ಳಲು ಇನ್ನೊಂದಿಲ್ಲ. 'ಅಹಂಕಾರದಿಂದ ಕಸಿದುಕೊಂಡರು' ಎನ್ನುವ ವಾದ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

ಅದೇ ಕಾಲದಲ್ಲಿ ದಕ್ಷಿಣದವರೂ ತಮ್ಮನ್ನು ಅಮೆರಿಕನ್ನರು ಎಂದೇ ಕರೆದುಕೊಳ್ಳುತ್ತಿದ್ದರು. ಉತ್ತರದವರನ್ನು ನೋಡಿ ಕಲಿತದ್ದೇನೂ ಅಲ್ಲ. ಸ್ಪೇನಿನಲ್ಲಿ ಹುಟ್ಟಿ ಬಂದು ಅಧಿಕಾರ ನಡೆಸುವವರು ಒಂದು ಕಡೆ, ಇಲ್ಲೇ ಹುಟ್ಟಿದ ನಾವು ಇನ್ನೊಂದು ಕಡೆ. 'ನಾವು' ಅನ್ನುವುದಕ್ಕೆ ಅವರಿಗೆ ಸಿಕ್ಕ ಹೆಸರು ಅಮೆರಿಕಾನೊ. ಮೆಕ್ಸಿಕೊದ ಸ್ವಾತಂತ್ರ್ಯ ಹೋರಾಟ ಶುರುವಾದ 1810ರಲ್ಲೇ ಪಾದ್ರಿ ಇದಾಲ್ಗೊ ಗ್ವಾದಲಹಾರಾದಲ್ಲಿ ಪತ್ರಿಕೆಯೊಂದನ್ನು ಹೊರಡಿಸಿದ. ಅದರ ಹೆಸರಿನ ಅರ್ಥ 'ಅಮೆರಿಕದವರನ್ನು ಎಬ್ಬಿಸುವವನು' ಎಂದು. 1814ರಲ್ಲಿ ಹೋರಾಟಗಾರರು ಅಪಾಟ್ಸಿಂಗಾನ್ ಊರಿನಲ್ಲಿ ಬರೆದ ಸಂವಿಧಾನದಲ್ಲಿ ದೇಶಕ್ಕೆ 'ಅಮೆರಿಕ ಮೆಹಿಕಾನಾ' ಎಂದು ಹೆಸರು. 1815ರಲ್ಲಿ ದೇಶ ಬಿಟ್ಟು ಜಮೈಕಾದಲ್ಲಿದ್ದ ಬೊಲಿವಾರ್ ಬರೆದ ಪ್ರಸಿದ್ಧ ಪತ್ರದಲ್ಲಿ ಅವನು ತನ್ನನ್ನು ಕರೆದುಕೊಂಡಿದ್ದು 'ದಕ್ಷಿಣದ ಒಬ್ಬ ಅಮೆರಿಕನ್' ಎಂದು.

ಆಗ ಯಾರಿಗೂ ಇದು ತೊಂದರೆ ಅನ್ನಿಸಲಿಲ್ಲ. ಒಂದೇ ಹೆಸರು, ಇಬ್ಬರು ಬಳಸುತ್ತಾರೆ, ಅದಕ್ಕೇನಂತೆ?

ಮುಂದೆ ಕಥೆ ತಿರುಗಿತು. 1823ರಲ್ಲಿ ಅಧ್ಯಕ್ಷ ಮನ್ರೊ 'ಅಮೆರಿಕ ಖಂಡಗಳಲ್ಲಿ ಯುರೋಪಿನವರು ಇನ್ನು ವಸಾಹತು ಮಾಡಬಾರದು' ಎಂದ. ಕೇಳಲು ಚೆನ್ನಾಗಿದೆ. ಆದರೆ ಯುರೋಪಿನವರು ಬರಬಾರದು ಎಂದವರು ತಾವೇ ಬಂದರು. 1846ರಿಂದ 1848ರ ಯುದ್ಧದಲ್ಲಿ ಮೆಕ್ಸಿಕೊ ತನ್ನ ನೆಲದ ಅರ್ಧದಷ್ಟನ್ನು ಕಳೆದುಕೊಂಡಿತು. ಈಗಿನ ಕ್ಯಾಲಿಫೋರ್ನಿಯಾ ಎಲ್ಲ ಅದರಲ್ಲೇ ಹೋಗಿದ್ದು. ನಮ್ಮ ಹುಡುಗರು ಕೆಲಸಕ್ಕೆ ಹೋಗುವ ಸ್ಯಾನ್ ಹೋಸೆ, ಸ್ಯಾನ್ ಫ್ರಾನ್ಸಿಸ್ಕೊ ಎಲ್ಲ ಸ್ಪ್ಯಾನಿಷ್ ಹೆಸರುಗಳು ಯಾಕಾಗಿವೆ ಅಂತ ಈಗ ಗೊತ್ತಾಯಿತಲ್ಲ. ಆಮೇಲೆ ವಿಲಿಯಂ ವಾಕರ್ ಎಂಬ ಟೆನೆಸ್ಸಿಯ ಸಾಹಸಿ ಬಾಡಿಗೆ ಬಂಟರನ್ನು ಕಟ್ಟಿಕೊಂಡು ನಿಕರಾಗುವಾಕ್ಕೆ ನುಗ್ಗಿದ. 1856ರಲ್ಲಿ ತಾನೇ ಅಲ್ಲಿನ ಅಧ್ಯಕ್ಷ ಎಂದು ಘೋಷಿಸಿಕೊಂಡ.

ಅದೇ 1856ರಲ್ಲಿ ಪ್ಯಾರಿಸ್‌ನಲ್ಲಿದ್ದ ಚಿಲಿಯ ಚಿಂತಕ ಫ್ರಾನ್ಸಿಸ್ಕೊ ಬಿಲ್ಬಾವೊ ಒಂದು ಭಾಷಣದಲ್ಲಿ 'ಲ್ಯಾಟಿನ್ ಅಮೆರಿಕ' ಎಂಬ ಮಾತನ್ನು ಬಳಸಿದ. ಸ್ಪ್ಯಾನಿಷ್, ಪೋರ್ಚುಗೀಸ್‌ನಂಥ ಲ್ಯಾಟಿನ್ ಮೂಲದ ಭಾಷೆಗಳನ್ನಾಡುವ ಅಮೆರಿಕ ಅಂತ. ವರ್ಷ ಒಂದೇ ಆಗಿರುವುದು ಕಾಕತಾಳೀಯ ಅಲ್ಲ. ಉತ್ತರದವರು ಬೇರೆ, ನಾವು ಬೇರೆ ಎಂದು ಗೆರೆ ಎಳೆಯುವ ಅಗತ್ಯ ಆಗ ಹುಟ್ಟಿತ್ತು. 1891ರ ಜನವರಿಯಲ್ಲಿ ಕ್ಯೂಬಾದ ಹೋಸೆ ಮಾರ್ತಿ, ನ್ಯೂಯಾರ್ಕಿನಲ್ಲಿ ಕುಳಿತೇ, 'ನಮ್ಮ ಅಮೆರಿಕ' ಎಂಬ ಲೇಖನ ಪ್ರಕಟಿಸಿದ. ಆ 'ನಮ್ಮ' ಅನ್ನುವುದರಲ್ಲೇ ಎಲ್ಲ ಇದೆ. ನಿಮ್ಮದು ಬೇರೆ ಇರಬಹುದು, ಇದು ನಮ್ಮದು. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಮಾಡಿ ಸಂಯುಕ್ತ ಸಂಸ್ಥಾನ ಪೋರ್ಟೊ ರಿಕೊವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಆ ದ್ವೀಪದವರಿಗೆ 1917ರಿಂದ ಆ ದೇಶದ ಪೌರತ್ವ ಇದೆ. ಪಾಪ, ಅವರು ಯಾವ ಲೆಕ್ಕದಲ್ಲಿ ನೋಡಿದರೂ ಅಮೆರಿಕನ್ನರೇ. ಆದರೂ ಅಧ್ಯಕ್ಷರ ಚುನಾವಣೆಯಲ್ಲಿ ದ್ವೀಪದಲ್ಲಿ ಇದ್ದುಕೊಂಡು ಮತ ಹಾಕುವಂತಿಲ್ಲ.

ನನ್ನ ಮಾತಿನ ತಿರುಳು ಇಲ್ಲಿದೆ. 1810ರಲ್ಲಿ ನೋವು ಕೊಡದ ಹೆಸರು 1891ರ ಹೊತ್ತಿಗೆ ಚುಚ್ಚಲು ಶುರುವಾಯಿತು. ಹೆಸರು ಅದೇ. ಬದಲಾಗಿದ್ದು ನಡವಳಿಕೆ.

ಕಳೆದ ಶತಮಾನದ ಒಂದು ಉದಾಹರಣೆ ನನಗೆ ಬಹಳ ಇಷ್ಟ. 1987ರಲ್ಲಿ ಚಿಲಿಯ ಕಲಾವಿದ ಆಲ್‌ಫ್ರೆಡೊ ಹಾರ್ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಜಾಹೀರಾತಿನ ದೊಡ್ಡ ಫಲಕದ ಮೇಲೆ ಸಂಯುಕ್ತ ಸಂಸ್ಥಾನದ ನಕ್ಷೆ ತೋರಿಸಿದ. ಅದರ ಮೇಲೆ 'ಇದು ಅಮೆರಿಕ ಅಲ್ಲ' ಎಂದು ಇಂಗ್ಲಿಷಿನಲ್ಲಿ ಬರೆಸಿದ. ಆಮೇಲೆ ಬಾವುಟ ಬಂತು. 'ಇದು ಅಮೆರಿಕದ ಬಾವುಟ ಅಲ್ಲ.' ಕೊನೆಗೆ ಅಮೆರಿಕ ಎಂಬ ಪದದ ನಡುವಿನ ಅಕ್ಷರ ಇಡೀ ಖಂಡದ ನಕ್ಷೆಯಾಗಿ ಬದಲಾಯಿತು. ಬೀದಿಯಲ್ಲಿ ಓಡಾಡುವವರಿಗೆ ಎಷ್ಟು ಕಕ್ಕಾಬಿಕ್ಕಿ ಆಗಿರಬೇಕು!

ತೀರಾ ಇತ್ತೀಚಿನದು ನಿಮಗೇ ಗೊತ್ತು. 2025ರ ಜನವರಿ 20ರಂದು ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ಮೆಕ್ಸಿಕೊ ಕೊಲ್ಲಿಗೆ 'ಅಮೆರಿಕ ಕೊಲ್ಲಿ' ಎಂದು ಹೆಸರು ಬದಲಿಸಲು ಆದೇಶ ಹೊರಡಿಸಿದರು. ಅದಕ್ಕೂ ಮೊದಲೇ, ಅವರು ಹಾಗೆ ಮಾಡುತ್ತೇನೆ ಎಂದಾಗಲೇ, ಮೆಕ್ಸಿಕೊದ ಅಧ್ಯಕ್ಷೆ ಕ್ಲೌಡಿಯಾ ಶೈನ್‌ಬೌಮ್ 1607ರ ಹಳೇ ನಕ್ಷೆಯೊಂದನ್ನು ಪತ್ರಕರ್ತರ ಮುಂದೆ ಇಟ್ಟರು. ಹಾಗಿದ್ದರೆ ಉತ್ತರ ಅಮೆರಿಕವನ್ನು 'ಅಮೆರಿಕ ಮೆಹಿಕಾನಾ' ಅನ್ನೋಣ, ಕೇಳಲು ಚೆನ್ನಾಗಿದೆಯಲ್ಲ ಎಂದು ನಕ್ಕರು. ಆ ಹೆಸರನ್ನು ಅವರು ಎತ್ತಿಕೊಂಡಿದ್ದು ಆಗಲೇ ಹೇಳಿದ 1814ರ ಸಂವಿಧಾನದಿಂದ. ಹಳೇ ಹೆಸರನ್ನೇ ಬರೆಯುತ್ತೇವೆ ಎಂದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿಗಾರರನ್ನು ಶ್ವೇತಭವನದ ಕಾರ್ಯಕ್ರಮಗಳಿಂದ ಹೊರಗಿಟ್ಟಿದ್ದೂ ಆಯಿತು. ಗೂಗಲ್ ಮ್ಯಾಪ್ಸ್ ಒಂದು ಉಪಾಯ ಮಾಡಿತು. ಆ ದೇಶದಲ್ಲಿದ್ದವರಿಗೆ ಹೊಸ ಹೆಸರು, ಮೆಕ್ಸಿಕೊದವರಿಗೆ ಹಳೇ ಹೆಸರು, ಉಳಿದ ನಮಗೆ ಎರಡೂ. ಇಲ್ಲಿ ಮಾತ್ರ ನಾನು ಪೂರ್ತಿ ಮೆಕ್ಸಿಕೊದ ಕಡೆ. ಬೇರೆ ಹೆಸರಿಲ್ಲದೆ ಖಂಡದ ಹೆಸರು ಇಟ್ಟುಕೊಳ್ಳುವುದು ಒಂದು ಮಾತು. ಇನ್ನೊಬ್ಬರ ಹೆಸರು ಅಳಿಸಿ ಅಲ್ಲಿ ತನ್ನದನ್ನು ಬರೆಯುವುದು ಬೇರೆ ಮಾತು.

ಇಷ್ಟೆಲ್ಲ ಕೇಳಿದ ಮೇಲೆ 'ಎಸ್ತಾದೌನಿದೆನ್ಸೆ'ಯೇ ಸರಿ, ಮುಗಿಯಿತು ಅನ್ನಿಸುತ್ತದೆ. ಸ್ಪ್ಯಾನಿಷ್ ಭಾಷೆಯ ಅಕಾಡೆಮಿಗಳು ಸೇರಿ 2005ರಲ್ಲಿ ತಂದ ನಿಘಂಟೂ ಅದನ್ನೇ ಬಳಸಿ ಅನ್ನುತ್ತದೆ. ಆದರೆ ಅಲ್ಲೊಂದು ತೊಡಕಿದೆ. ಮೆಕ್ಸಿಕೊದ ಪೂರ್ತಿ ಹೆಸರು ಏನು ಗೊತ್ತಾ? ಎಸ್ತಾದೋಸ್ ಉನಿದೋಸ್ ಮೆಹಿಕಾನೋಸ್. ಅಂದರೆ ಮೆಕ್ಸಿಕೊ ಸಂಯುಕ್ತ ಸಂಸ್ಥಾನ! 2012ರಲ್ಲಿ ಅಧಿಕಾರ ಬಿಡುವ ಕೆಲವೇ ದಿನ ಮೊದಲು ಅಧ್ಯಕ್ಷ ಕಾಲ್ದೆರೋನ್ ಅದನ್ನು ಬರೀ 'ಮೆಕ್ಸಿಕೊ' ಎಂದು ಬದಲಿಸೋಣ ಎಂದರು. ಆಗಲಿಲ್ಲ. ಮೆಕ್ಸಿಕೊ ಒಂದೇ ಅಲ್ಲ. ಬ್ರೆಜಿಲ್, ವೆನೆಜುವೆಲಾ, ಕೊಲಂಬಿಯಾ ಮೂರೂ ಒಂದೊಂದು ಕಾಲದಲ್ಲಿ ತಮ್ಮನ್ನು 'ಸಂಯುಕ್ತ ಸಂಸ್ಥಾನ' ಎಂದು ಕರೆದುಕೊಂಡಿದ್ದವು. ಹಾಗಾಗಿ ಖಂಡದ ಹೆಸರು ಕದ್ದರು ಎಂದು ದೂರಿ ಕೊಡುವ ಬದಲಿ ಹೆಸರೂ ಪಕ್ಕದ ಮನೆಯವರದ್ದೇ. 'ನೋರ್ತೆಅಮೆರಿಕಾನೊ' ಅಂದರೆ ಕೆನಡಾ, ಮೆಕ್ಸಿಕೊದವರು ನಾವೆಲ್ಲಿ ಹೋಗಬೇಕು ಅನ್ನುತ್ತಾರೆ. 'ಯಾಂಕಿ' ಅಂದರೆ ಆ ದೇಶದ ದಕ್ಷಿಣದವರಿಗೆ ಸಿಟ್ಟು, ಅವರ ಪ್ರಕಾರ ಅದು ಉತ್ತರದವರ ಹೆಸರು. 'ಗ್ರಿಂಗೊ' ಅನ್ನುವುದರಲ್ಲಿ ಸ್ವಲ್ಪ ಮುಖ ಸಿಂಡರಿಸುವುದೂ ಸೇರಿರುತ್ತದೆ. ಬ್ರೆಜಿಲ್‌ನಲ್ಲಂತೂ ಯಾವ ಹೊರದೇಶದವರಾದರೂ ಗ್ರಿಂಗೊ. ನೀವು ಹೋದರೆ ನೀವೂ ಗ್ರಿಂಗೊ.

ಇದು ನಮಗೆ ಹೊಸದಲ್ಲ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ರಾಜ್ಯಕ್ಕೆ ಉಳಿದ ಹೆಸರು ಮೈಸೂರು. ಧಾರವಾಡ, ಕಲಬುರಗಿ, ಮಂಗಳೂರು, ಮಡಿಕೇರಿ, ಎಲ್ಲರೂ ಕಾಗದದ ಮೇಲೆ ಮೈಸೂರಿನವರಾದರು. ಅವರಲ್ಲಿ ಎಷ್ಟೋ ಜನ ಮೈಸೂರು ಮಹಾರಾಜರ ಆಳ್ವಿಕೆಯನ್ನು ಕಂಡವರೇ ಅಲ್ಲ. ಹಳೇ ಮೈಸೂರಿನ ಕಡೆಯವರಿಗೆ ಇದರಲ್ಲೇನು ತಪ್ಪು ಅಂತ ಅರ್ಥ ಆಗಲು ಹೊತ್ತು ಹಿಡಿಯಿತು. ಹೆಸರುವಾಸಿ ರಾಜ್ಯ, ಒಳ್ಳೇ ಹೆಸರು, ಯಾಕೆ ಬದಲಿಸಬೇಕು? 17 ವರ್ಷ ಬೇಕಾಯಿತು. 1973ರ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ಕರ್ನಾಟಕ ಆಯಿತು. ಅಮೆರಿಕದಲ್ಲಿ ಇಡೀ ಖಂಡದ ಹೆಸರು ಒಂದು ತುಂಡಿಗೆ ಅಂಟಿಕೊಂಡಿತು. ಇಲ್ಲಿ ಒಂದು ತುಂಡಿನ ಹೆಸರು ಇಡೀ ನಾಡಿಗೆ ಅಂಟಿತ್ತು. ದಿಕ್ಕು ತಿರುಗುಮುರುಗು. ಆದರೆ ಹೆಸರು ಯಾರ ಪಾಲಿಗೆ ಬಂದಿರುತ್ತದೋ ಅವರಿಗೆ ತಕರಾರು ಕಾಣಿಸುವುದೇ ಇಲ್ಲ, ಅದು ಮಾತ್ರ ಎರಡೂ ಕಡೆ ಒಂದೇ.

ಈಗ ಆಗ ಬಿಟ್ಟ 'ಇಂಡೀಸ್' ಕಥೆ. 1492ರಲ್ಲಿ ಕೊಲಂಬಸ್ ತಾನು ಬಂದಿರುವುದು ಏಷ್ಯಾದ ಕಡೆಯ ಇಂಡೀಸ್‌ಗೆ ಎಂದುಕೊಂಡ. ಅಲ್ಲಿದ್ದವರನ್ನು ಇಂಡಿಯನ್ನರು ಎಂದ. ತಪ್ಪು ಗೊತ್ತಾದ ಮೇಲೂ ಯಾರೂ ತಿದ್ದಲಿಲ್ಲ. ಇಂಗ್ಲಿಷಿನಲ್ಲಿ 'ಅಮೆರಿಕನ್' ಎಂದು ಮೊದಲು ಕರೆಸಿಕೊಂಡಿದ್ದು ಕೂಡ ಈ ಮೂಲ ಜನರೇ. ಆ ಹೆಸರನ್ನು ಬಿಳಿಯರು ತೆಗೆದುಕೊಂಡರು, ಇವರಿಗೆ 'ಇಂಡಿಯನ್' ಉಳಿಯಿತು. ಈಗ ಅವರನ್ನು ಏನನ್ನಬೇಕು ಅನ್ನುವುದರಲ್ಲೂ ಒಮ್ಮತ ಇಲ್ಲ. 'ನೇಟಿವ್ ಅಮೆರಿಕನ್' ಅನ್ನುವುದು ಮರ್ಯಾದೆಯ ಮಾತು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ 1944ರಲ್ಲಿ ಅವರೇ ಕಟ್ಟಿದ ದೊಡ್ಡ ಸಂಘಟನೆ ನ್ಯಾಷನಲ್ ಕಾಂಗ್ರೆಸ್ ಆಫ್ ಅಮೆರಿಕನ್ ಇಂಡಿಯನ್ಸ್. 1968ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ ಹೋರಾಟದ ಸಂಘಟನೆಯ ಹೆಸರು ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್. ಹಲವರು ಇದ್ಯಾವುದೂ ಬೇಡ, ನಮ್ಮ ಕುಲದ ಹೆಸರಿನಲ್ಲೇ ಕರೆಯಿರಿ ಅನ್ನುತ್ತಾರೆ. ನಾವಹೊಗಳು ತಮ್ಮನ್ನು ದಿನೆ ಎಂದುಕೊಳ್ಳುತ್ತಾರೆ. ಕೆನಡಾದಲ್ಲಿ 'ಫಸ್ಟ್ ನೇಷನ್ಸ್' ಅನ್ನುವುದು ರೂಢಿ, ಆದರೆ ಕಾನೂನಿನ ಹೆಸರು ಇವತ್ತಿಗೂ 1876ರ ಇಂಡಿಯನ್ ಆಕ್ಟ್. ಪನಾಮಾದ ಗುನಾ ಜನರಲ್ಲಿ ಖಂಡಕ್ಕೇ 'ಅಬ್ಯಾ ಯಾಲಾ' ಎಂಬ ಹೆಸರಿದೆ. ಅಮೆರಿಕ ಅನ್ನುವುದೇ ಯುರೋಪಿನವರು ಅಂಟಿಸಿದ ಹೆಸರು, ಅದು ಯಾರಿಗೆ ಸೇರಬೇಕು ಅಂತ ಮಕ್ಕಳು ಮೊಮ್ಮಕ್ಕಳು ಜಗಳ ಆಡುವುದೇ ವಿಚಿತ್ರ ಎನ್ನುವ ಮೂಲ ಜನರ ಸಂಘಟನೆಗಳು ಈ ಹೆಸರನ್ನು ಎತ್ತಿಕೊಂಡಿವೆ. ನಮ್ಮ ಪತ್ರಿಕೆಗಳಲ್ಲಿ ಈಗಲೂ ಕಣ್ಣಿಗೆ ಬೀಳುವ 'ರೆಡ್ ಇಂಡಿಯನ್' ಮಾತ್ರ ದಯವಿಟ್ಟು ಬಿಡಿ. ವಾಷಿಂಗ್ಟನ್‌ನ ಫುಟ್‌ಬಾಲ್ ತಂಡವೊಂದು ಚರ್ಮದ ಬಣ್ಣ ಹೇಳುವ ಅಂಥದೇ ಹೆಸರನ್ನು 2020ರಲ್ಲಿ ಕೈಬಿಟ್ಟಿತು.

ಅಲ್ಲಿ 'ಇಂಡಿಯನ್' ಅನ್ನುವ ಜಾಗ ಭರ್ತಿಯಾಗಿದ್ದರಿಂದ ನಿಜವಾದ ಇಂಡಿಯಾದಿಂದ ಹೋದವರಿಗೆ ಹೆಸರೇ ಇಲ್ಲದಂತಾಯಿತು. 1920ರಿಂದ 1940ರವರೆಗಿನ ಅಲ್ಲಿನ ಜನಗಣತಿಯಲ್ಲಿ ನಮ್ಮವರನ್ನು 'ಹಿಂದೂ' ಎಂಬ ಜನಾಂಗವಾಗಿ ಬರೆದರು. ಹೋದವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು, ಮುಸ್ಲಿಮರೂ ಇದ್ದರು. ಎಲ್ಲರೂ ಹಿಂದೂ! ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರು ಮೊದಲನೇ ಮಹಾಯುದ್ಧದಲ್ಲಿ ಆ ದೇಶದ ಸೈನ್ಯದಲ್ಲಿದ್ದವರು. 1923ರಲ್ಲಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನೀವು ಬಿಳಿಯರಲ್ಲ, ಪೌರತ್ವ ಇಲ್ಲ ಎಂದಿತು. 1946ರಲ್ಲಿ ಹೊಸ ಕಾನೂನು ಬರುವ ತನಕ ಬಾಗಿಲು ತೆರೆಯಲಿಲ್ಲ. 1970ರ ಗಣತಿಯಲ್ಲಿ ಅದೇ ಸರ್ಕಾರ ನಮ್ಮವರನ್ನು ಬಿಳಿಯರ ಪಟ್ಟಿಗೆ ಸೇರಿಸಿತು. ಆಮೇಲೆ ಅಲ್ಲಿನ ಭಾರತೀಯ ಸಂಘದವರು ಓಡಾಡಿ 1980ರ ಗಣತಿಯ ನಮೂನೆಯಲ್ಲಿ 'ಏಷ್ಯನ್ ಇಂಡಿಯನ್' ಎಂಬ ಪ್ರತ್ಯೇಕ ಮನೆ ಹಾಕಿಸಿಕೊಂಡರು. ಅಲ್ಪಸಂಖ್ಯಾತರು ಅನ್ನಿಸಿಕೊಳ್ಳುವುದು ಬೇಡ ಎಂದು ನಮ್ಮವರಲ್ಲೇ ಕೆಲವರು ವಿರೋಧಿಸಿದ್ದೂ ಉಂಟು. ಅಂತೂ ಹಿಂದೂ, ಬಿಳಿಯ, ಏಷ್ಯನ್ ಇಂಡಿಯನ್ ಎಂದು ಒಂದೇ ಜನಕ್ಕೆ ಅರವತ್ತು ವರ್ಷದಲ್ಲಿ ಮೂರು ಹೆಸರು.

ಇದಕ್ಕಿಂತ ಗೋಜಲು ಬೇಕಾದರೆ ಗಯಾನಾಕ್ಕೆ ಹೋಗಿ. ದಕ್ಷಿಣ ಅಮೆರಿಕದಲ್ಲಿದೆ, ಆದರೆ ಮಾತು ಇಂಗ್ಲಿಷ್, ಹಾಗಾಗಿ ಲ್ಯಾಟಿನ್ ಅಮೆರಿಕದ ಪಟ್ಟಿಗೆ ಸೇರುವುದಿಲ್ಲ. 1838ರಿಂದ ಬ್ರಿಟಿಷರು ಕಬ್ಬಿನ ತೋಟಗಳಿಗೆ ಭಾರತದಿಂದ ಕೂಲಿಗಳನ್ನು ಸಾಗಿಸಿದರು. ಅವರ ಮಕ್ಕಳು ಮರಿಮಕ್ಕಳಿಗೆ ಅಲ್ಲಿ 'ಈಸ್ಟ್ ಇಂಡಿಯನ್' ಎಂದು ಹೆಸರು. ಮೂಲ ಜನರಿಗೆ 'ಅಮೆರಿಂಡಿಯನ್'. ಕ್ರಿಕೆಟ್ ಆಡುವುದು 'ವೆಸ್ಟ್ ಇಂಡೀಸ್'ಗೆ. ರೋಹನ್ ಕನ್ಹಾಯ್, ಆಲ್ವಿನ್ ಕಾಳೀಚರಣ್, ಶಿವನಾರಾಯಣ್ ಚಂದ್ರಪಾಲ್, ಎಲ್ಲರೂ ವೆಸ್ಟ್ ಇಂಡೀಸ್ ತಂಡದ ಈಸ್ಟ್ ಇಂಡಿಯನ್ನರು, ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಗವಾಸ್ಕರ್ ತಮ್ಮ ಮಗನಿಗೆ ರೋಹನ್ ಜಯವಿಶ್ವ ಎಂದು ಹೆಸರಿಟ್ಟರಲ್ಲ, ರೋಹನ್ ಬಂದಿದ್ದು ಈ ಕನ್ಹಾಯ್ ಕಡೆಯಿಂದ. ಜಯ ಅಂದರೆ ಜಯಸಿಂಹ. ವಿಶ್ವ ಅಂದರೆ ನಮ್ಮ ಭದ್ರಾವತಿಯ ವಿಶ್ವನಾಥ್. ವಿಷಯಕ್ಕೆ ಸಂಬಂಧ ಇಲ್ಲ, ಹೇಳದೆ ಇರಲಾಗಲಿಲ್ಲ.

ಸಾಕು, ಪ್ರಶ್ನೆಗಳಿಗೆ ಬರೋಣ.

ಒಬ್ಬರು ಕೇಳಿದರು: 'ಕನ್ನಡದಲ್ಲಿ ನಾವು ಏನು ಬರೆಯಬೇಕು, ಸರ್?' ದಿನದ ಸುದ್ದಿಗೆ ಅಮೆರಿಕ ಅಂದರೆ ಆ ದೇಶ ಎಂದು ನಮ್ಮಲ್ಲಿ ನೆಲೆಯಾಗಿದೆ. ಅದನ್ನು ಕದಲಿಸಲು ಹೋಗಬೇಡಿ. 'ಅಮೆರಿಕ ಸಂಯುಕ್ತ ಸಂಸ್ಥಾನ' ಎಂದು ಸಾಲಿಗೊಮ್ಮೆ ಬರೆದರೆ ಓದುವವರು ಪುಟ ತಿರುಗಿಸುತ್ತಾರೆ. ಎಚ್ಚರ ಬೇಕಾಗುವುದು ಎರಡು ಕಡೆ. ಸ್ಪ್ಯಾನಿಷ್ ಲೇಖಕರನ್ನು ಅನುವಾದ ಮಾಡುವಾಗ, ಅವರ ಅಮೆರಿಕವನ್ನು ಆ ದೇಶ ಎಂದು ತಿಳಿದರೆ ಅರ್ಥ ಉಲ್ಟಾ ಆಗುತ್ತದೆ. ಮಾರ್ತಿಯ 'ನಮ್ಮ ಅಮೆರಿಕ'ದಲ್ಲಿ ನ್ಯೂಯಾರ್ಕ್ ಇಲ್ಲ. ಇನ್ನೊಂದು, ಶಾಲೆಯ ಪಾಠ. 'ಕೊಲಂಬಸ್ ಅಮೆರಿಕವನ್ನು ಕಂಡುಹಿಡಿದ' ಎಂದು ಓದಿದ ಮಗುವಿನ ಕಣ್ಣಿಗೆ ಬರುವುದು ಲಿಬರ್ಟಿ ಪ್ರತಿಮೆ. ಅವನು ಹೋಗಿದ್ದು ಬಹಾಮಾಸ್, ಕ್ಯೂಬಾ, ಹಿಸ್ಪಾನಿಯೋಲಾ, ಆಮೇಲೆ ಕೆಳಗಿನ ಕರಾವಳಿ. ಈಗಿನ ಸಂಯುಕ್ತ ಸಂಸ್ಥಾನದ ಮುಖ್ಯ ನೆಲದ ಮೇಲೆ ಅವನು ಕಾಲಿಡಲೇ ಇಲ್ಲ. 'ಅಮೆರಿಕ ಖಂಡ' ಎಂದು ಬರೆದರೆ ಸಾಕು.

ಇನ್ನೊಬ್ಬರು, ಹಿರಿಯರು: 'ನಾವು ಯಾರ ಹೆಸರನ್ನೂ ಹೀಗೆ ಕೆಡಿಸಿಲ್ಲ ಬಿಡಿ.' ಹಾಗೇನಿಲ್ಲ. ಬ್ರಿಟನ್ನಿನಿಂದ ಬಂದವರನ್ನೆಲ್ಲ ನಾವು ಇಂಗ್ಲಿಷರು ಎಂದೆವು. ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೊ ಗ್ಲಾಸ್ಗೋದಲ್ಲಿ ಹುಟ್ಟಿದ ಸ್ಕಾಟ್ಲೆಂಡಿನವನು. ಕಬ್ಬನ್ ಪಾರ್ಕಿನ ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ದ್ವೀಪದವನು. ಆ ದ್ವೀಪ ಇಂಗ್ಲೆಂಡಿಗಿರಲಿ, ಯುನೈಟೆಡ್ ಕಿಂಗ್‌ಡಮ್‌ಗೂ ಸೇರಿಲ್ಲ.

'ಅಕ್ಕ ಸಮ್ಮೇಳನ'ದ ಬಗ್ಗೆಯೂ ಒಂದು ಪ್ರಶ್ನೆ ಬಂತು. ಅಕ್ಕ ಅಂದರೆ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ. ಆ ಅಮೆರಿಕದಲ್ಲಿ ಪೆರು, ಚಿಲಿ ಇಲ್ಲ ಅಂತ ಬೇರೆ ಹೇಳಬೇಕಿಲ್ಲ. 'ನಾವಿಕ' ಎಂಬ ಇನ್ನೊಂದು ಸಂಘಟನೆಯ ಹೆಸರಿನಲ್ಲಿ ಉತ್ತರ ಅಮೆರಿಕ ಇದೆ. ಅಮೆರಿಕನ್ನಡಿಗ ಅನ್ನುವುದು ಎಷ್ಟು ಸೊಗಸಾದ ಪದ ನೋಡಿ. ಬೊಲಿವಾರ್ ಬಂದರೂ ಅದನ್ನು ತಿದ್ದುವ ಮನಸ್ಸು ನನಗಂತೂ ಬರುವುದಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರದು. 'ನನ್ನ ಮಗ ಟೊರಾಂಟೊದಲ್ಲಿದ್ದಾನೆ. ಯಾರಾದರೂ ಕೇಳಿದರೆ ಅಮೆರಿಕದಲ್ಲಿ ಅಂತೀನಿ. ತಪ್ಪಾ?' ನಕ್ಷೆಯ ಪ್ರಕಾರ ತಪ್ಪಿಲ್ಲಮ್ಮ, ಟೊರಾಂಟೊ ಅಮೆರಿಕ ಖಂಡದಲ್ಲೇ ಇದೆ. ಆದರೆ ಅಲ್ಲಿನವರ ಮುಂದೆ ಹಾಗೆ ಅನ್ನಬೇಡಿ. ಅಮೆರಿಕನ್ ಎಂದು ಕರೆಸಿಕೊಳ್ಳಲು ಹಕ್ಕಿದ್ದೂ ಅದು ಬೇಡವೇ ಬೇಡ ಎನ್ನುವವರು ಕೆನಡಾದವರು. ನಿಮ್ಮ ದೇಶವನ್ನು 51ನೇ ರಾಜ್ಯ ಮಾಡಿಕೊಳ್ಳುತ್ತೇವೆ ಎಂದು ಟ್ರಂಪ್ ಹೇಳಿದ ಮೇಲಂತೂ ಆ ಮಾತು ಕೇಳಿದರೆ ಅವರಿಗೆ ಮೈ ಉರಿಯುತ್ತದೆ. ಕೆನಡಾ ಅಂತಲೇ ಹೇಳಿಬಿಡಿ.